ಬಿಬಿಯಾನೆ ತಿನ್ನದ ಸಕ್ಕರೆ

"ಅಭ್ಯಾಸ ಮಾಡಿಸಿ" ಎಂದ ಆ ಡಾಕ್ಟರನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಇದ್ದು, ಹೋಗುವಾಗ ಕಡಲಿನ ಸೀಲ್ ಪ್ರಾಣಿಯ ಒಳ್ಳೊಳ್ಳೆಯ ತೊಗಲು ಆರಿಸಿ ಕಟ್ಟಿಕೊಂಡು, ಹಡಗು ಹತ್ತಿ ತನ್ನ ಡೆನ್ಮಾರ್ಕಿಗೆ ಹೊರಟುಹೋದ. ಅವನ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ನಮ್ಮಲ್ಲಿ ಹೆಸರನ್ನು ಸುಮ್ಮನೆ ಯಾರೂ ಎತ್ತುವುದಿಲ್ಲ.

ನಮ್ಮ ಊರಿನ ಉಪದೇಶಿ, ಭಾನುವಾರ ಪ್ರಾರ್ಥನೆ ನಡೆಸಿ ವಾರವಿಡೀ ಶಾಲೆಯಲ್ಲಿ ಪಾಠ ಹೇಳುವವರು, ನನಗೆ ಬುದ್ಧಿ ಹೇಳುತ್ತಾರೆ. "ಪಾವಿಯ, ಇಪ್ಪತ್ತು ವರ್ಷ ಆಯ್ತಲ್ಲೋ, ಬಿಟ್ಟುಬಿಡು. ಅವನು ಗೊತ್ತಿದ್ದಷ್ಟು ಹೇಳ್ದ."

"ಗೊತ್ತಿಲ್ಲದ್ದನ್ನೂ ಹೇಳ್ದ. ನನ್ನ ತಕರಾರು ಅದೇ," ಎನ್ನುತ್ತೇನೆ.

ಆದರೆ ನಾನು ಬರೆಯಲು ಕೂತದ್ದು ಅವನ ಬಗ್ಗೆ ಅಲ್ಲ. ನನ್ನ ಹೆಂಡತಿ ಸೆವೆರಿನೆಯ ತಾಯಿ, ನನ್ನ ಅತ್ತೆ ಬಿಬಿಯಾನೆಯ ಬಗ್ಗೆ.

ಅತ್ತೆ ಕುಳ್ಳಗಿದ್ದರು. ಬಾಯಿ ಮುಚ್ಚಿದರೆ ಗಲ್ಲ ಮೂಗಿನ ಹತ್ತಿರಕ್ಕೆ ಬರುತ್ತಿತ್ತು. ಹಲ್ಲು ಉದುರಿದ್ದವೆಂದಲ್ಲ, ಇದ್ದವೆಲ್ಲ ಒಸಡಿನ ಮಟ್ಟಕ್ಕೆ ಸವೆದಿದ್ದವು. ಸೀಲ್ ತೊಗಲನ್ನು ಅಗಿದು ಅಗಿದು ಮೆದು ಮಾಡಿ ಬೂಟು ಹೊಲಿಯುವುದು ನಮ್ಮ ಹೆಂಗಸರ ಕೆಲಸ. ಅತ್ತೆ ಗಂಡನಿಗೆ ಹೊಲಿದರು, ಇಬ್ಬರು ಗಂಡುಮಕ್ಕಳಿಗೆ ಹೊಲಿದರು, ಅವರಿಬ್ಬರೂ ಪಟ್ಟಣದ ಮೀನು ಕಾರ್ಖಾನೆ ಸೇರಿದ ಮೇಲೆ ನನಗೆ ಹೊಲಿದರು. ಹಿಮಗಡ್ಡೆಯ ಮೇಲೆ ನಾವು ನಡೆದದ್ದೆಲ್ಲ ಆ ಹಲ್ಲುಗಳ ಮೇಲೆಯೇ. ಅವರು ಹೊಲಿದ ಬೂಟಿನೊಳಗೆ ಒಂದು ಹನಿ ನೀರು ಇಳಿದದ್ದು ನನಗೆ ನೆನಪಿಲ್ಲ. ಕೊಡುವಾಗ ಮಾತ್ರ ಒಂದು ಮಾತು ಚುಚ್ಚದೆ ಬಿಡುತ್ತಿರಲಿಲ್ಲ. "ತಗೋ ಅಳಿಯಪ್ಪ, ನಾಯಿಗೆ ಒದಿಯೋನು ನೀನು, ಬೆರಳ ಹತ್ರ ದಪ್ಪ ಹೊಲ್ದಿದೀನಿ."

ಅವರ ಗಂಡ, ನನ್ನ ಮಾವ ಈನೋಕ್, ಒಳ್ಳೆಯ ಬೇಟೆಗಾರ. ತೊಗಲುದೋಣಿಯಲ್ಲಿ ಕೂತರೆ ದೋಣಿ ಯಾವುದು ಮನುಷ್ಯ ಯಾವನು ಗೊತ್ತಾಗುತ್ತಿರಲಿಲ್ಲ. ಅವರಿಗೆ ಇದ್ದ ಚಪಲ ಒಂದೇ, ಕಲ್ಲುಸಕ್ಕರೆ. ನಮ್ಮಲ್ಲಿ ಕಾಫಿಗೆ ಸಕ್ಕರೆ ಕಲಸುವುದಿಲ್ಲ. ಒಂದು ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೇಲೆ ಬಿಸಿ ಕಾಫಿ ಹಾಯಿಸುತ್ತೇವೆ. ಬಂದವರಿಗೆ ಸಕ್ಕರೆ ಇಲ್ಲದ ಕಾಫಿ ಕೊಟ್ಟರೆ ಮನೆಯಲ್ಲಿ ಏನು ಜಗಳ ಎಂದು ಕೇಳುತ್ತಾರೆ. ಮನೆಯಲ್ಲಾಗಲಿ, ಇಗರ್ಜಿಯ ಕಾಫಿಯಲ್ಲಾಗಲಿ, ಅತ್ತೆ ತಮ್ಮ ಪಾಲಿನ ತುಂಡನ್ನು ಬೆರಳ ತುದಿಯಿಂದ ಮಾವನ ಬಟ್ಟಲಿನ ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು ಕೊಟ್ಟರೆ ಅಂಗಿಯ ತೋಳಿನೊಳಗೆ ಸೇರಿಸಿ ಮನೆಗೆ ತರುತ್ತಿದ್ದರು. ಅದೂ ಮಾವನಿಗೆ.

ಮಾವನ ತಂಗಿ ತಬಿತೆಯ ಬಾಯಿ ಸುಮ್ಮನಿರುತ್ತಿರಲಿಲ್ಲ. "ಏನತ್ತಿಗೆ, ಅಣ್ಣನ್ನ ಸಕ್ಕರೆ ತಿನ್ಸಿ ಕಟ್ಹಾಕ್ಕೊಂಡಿದೀಯಾ? ನಾಯಿಗಾದ್ರೆ ಹಗ್ಗ ಬೇಕು, ಇವನಿಗೆ ಒಂದು ತುಂಡು ಸಾಕು."

"ಹಗ್ಗ ಆದ್ರೆ ಕಚ್ಕೊಂಡು ಹರಿದು ಓಡ್ತಾನೆ. ಇದಾದ್ರೆ ಕಚ್ಕೊಂಡು ಕೂತಿರ್ತಾನೆ."

"ನಿಂಗೆ ಬೇಡ್ವಾ?"

"ನಂಗೆ ಸೇರಲ್ಲ."

ಅಷ್ಟೇ. ಸೇರುವುದಿಲ್ಲ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಗಂಡನ ಮೇಲಿನ ಆಸೆಗೆ ಹೇಳುತ್ತಾರೆ ಎಂದುಕೊಂಡೆವು. ಕೇಳುವುದಕ್ಕೆ ಚೆನ್ನಾಗಿಯೂ ಇತ್ತು.

ಮಾವ ಎದೆಯ ಕಾಯಿಲೆಯಿಂದ ಸತ್ತದ್ದು ವಸಂತದ ಕೊನೆಗೆ. ಆ ವರ್ಷ ಹಿಮಗಡ್ಡೆ ಕಡಲಿನ ಬಾಯಿ ಬಿಡುವುದು ತಡವಾಯಿತು, ಹಡಗು ಇನ್ನೂ ಬಂದಿರಲಿಲ್ಲ. ಅಂಗಡಿಯ ಸಕ್ಕರೆ ಯಾವತ್ತೋ ಮುಗಿದಿತ್ತು. ಮಾವ ಹಾಸಿಗೆಯಿಂದ ಕಾಫಿ ಕೇಳಿದರು. ಅತ್ತೆ ಕೊಟ್ಟರು. ಒಂದು ಗುಟುಕು ಕುಡಿದು, "ಸಕ್ಕರೆ ಎಲ್ಲೇ?" ಎಂದರು.

"ಹಡಗು ಬರ್ಲಿ."

"ಹಡಗಿಗೆ ನನ್ನ ಅವಸರ ಗೊತ್ತಿಲ್ಲ ಬಿಡು. ಒಂದು ಚೂರು ನೋಡೇ."

ಅತ್ತೆ ಊರಿನ ಮನೆಮನೆಗೂ ಹೋದರು. ತಬಿತೆ ತನ್ನ ಸಕ್ಕರೆ ಡಬ್ಬಿಯ ತಳಕ್ಕೆ ಬಿಸಿ ನೀರು ಹಾಕಿ ತೊಳೆದು ಆ ನೀರು ಕೊಟ್ಟಳು. ಅದರಲ್ಲಿ ಸಿಹಿಯ ನೆನಪೂ ಇರಲಿಲ್ಲ. ಮಾವ ಕಹಿ ಬಾಯಲ್ಲೇ ಹೋದರು. ಅತ್ತೆ ಅವರ ಮುಖ ಒರೆಸಿ, ಕಿವಿಯ ಹತ್ತಿರ ಬಗ್ಗಿ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ನಿನ್ನ ಬಾಕಿ ನನ್ ಹತ್ರ ಇದೆ. ಬಾ. ಕೊಡ್ತೀನಿ."

ಹಡಗು ಮುಂದಿನ ವಾರ ಬಂತು. ನಾನು ಆ ಹಡಗಿಗೂ ಬೈದೆ. ಅತ್ತೆ ಒಂದು ತಗಡಿನ ಡಬ್ಬಿ ತುಂಬ ಕಲ್ಲುಸಕ್ಕರೆ ತಂದು ಹಲಗೆಯ ಮೇಲಿಟ್ಟರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಸೆವೆರಿನೆ ಗಂಡು ಹೆತ್ತಳು. ಅತ್ತೆ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ, "ಬಂದ್ಯಾ ಮುದುಕ? ದಾರೀಲಿ ಎಲ್ಲಿ ಕೂತಿದ್ದೆ ಇಷ್ಟು ದಿನ?" ಎಂದರು. ಹೆಸರು ಈನೋಕ್ ಎಂದಲ್ಲದೆ ಬೇರೇನು ಇಡುವುದು. ಸತ್ತವರ ಹೆಸರನ್ನು ಹುಟ್ಟಿದವರಿಗೆ ಕೊಡುವುದು ನಮ್ಮಲ್ಲಿ ಗೋಡೆಗೆ ಪಟ ತೂಗುಹಾಕಿದಂತಲ್ಲ. ಹೋದವರೇ ಮರಳಿ ಬಂದರು ಎಂದೇ ಲೆಕ್ಕ. ಅತ್ತೆ ಮಗುವನ್ನು "ನನ್ನ ಗಂಡ" ಎನ್ನುತ್ತಿದ್ದರು. ಸೆವೆರಿನೆ "ಅಪ್ಪ" ಎನ್ನುತ್ತಿದ್ದಳು. ನಾನು ನನ್ನ ಸ್ವಂತ ಮಗನನ್ನು "ಮಾವ" ಎನ್ನಬೇಕಿತ್ತು. ನನ್ನ ಕೋಪ ಊರಿಗೇ ಗೊತ್ತು. ನಾಯಿ, ಅಂಗಡಿಯವನು, ಗಾಳಿ, ಯಾರನ್ನೂ ಬಿಡುವವನಲ್ಲ. ಆದರೆ ತೊಡೆಯ ಮೇಲೆ ಉಚ್ಚೆ ಹೊಯ್ದರೆ "ಮಾವ, ಸ್ವಲ್ಪ ಹೇಳಿ ಮಾಡಬಾರದಾ?" ಎನ್ನುವುದಕ್ಕಿಂತ ಹೆಚ್ಚಿಗೆ ಅಲ್ಲಿ ನನ್ನ ದನಿ ಏಳುವಂತಿರಲಿಲ್ಲ.

ದೀಕ್ಷಾಸ್ನಾನದ ದಿನ ಅತ್ತೆ ಡಬ್ಬಿ ಇಳಿಸಿದರು. ಒಂದು ತುಂಡನ್ನು ಬಟ್ಟೆಗೆ ಕಟ್ಟಿ ಮಗುವಿನ ತುಟಿಗೆ ಹಿಡಿದರು. "ತಗೋ ಮುದುಕ. ತಡ ಆಯ್ತು, ಬೇಜಾರು ಮಾಡ್ಕೋಬೇಡ."

ಮಗು ಚೀಪಿದ ಸದ್ದು ಇಡೀ ಕೋಣೆಗೆ ಕೇಳಿಸಿತು. ಎಲ್ಲರೂ ನಕ್ಕರು. ತಬಿತೆ ಅತ್ತಳು. "ಅದೇ ಚೀಪು. ನಮ್ಮಣ್ಣನೇ."

ಅಂದಿನಿಂದ ಮನೆಗೆ ಬಂದವರೆಲ್ಲ ಒಂದೊಂದು ಚೂರು ತಂದರು. ಮಾವನಿಂದ ಉಪಕಾರ ಪಡೆಯದ ಮನೆ ಊರಿನಲ್ಲಿರಲಿಲ್ಲ. "ಈನೋಕಣ್ಣ, ಹಸಿದಿದ್ದ ವರ್ಷ ಮಾಂಸ ಕೊಟ್ಟಿದ್ದೆ, ತಗೋ." "ಈನೋಕಣ್ಣ, ನನ್ನ ಮಗನ್ನ ನೀರಿಂದ ಎಳ್ದಿದ್ದೆ, ತಗೋ." ಮಗು ತಾಯಿಯ ಹಾಲು ಕುಡಿದಷ್ಟು ಹೊತ್ತು ಚೆನ್ನಾಗಿರುತ್ತಿತ್ತು. ನೆಂಟರು ಬಂದುಹೋದ ದಿನ ಹೊಟ್ಟೆ ಉಬ್ಬುತ್ತಿತ್ತು, ನೀರಿನಂತೆ ನೊರೆ ನೊರೆಯಾಗಿ ಹೋಗುತ್ತಿತ್ತು, ಹುಳಿ ವಾಸನೆ. ಕಾಲಿನ ಸಂದಿ ಕೆಂಪಗೆ ಸುಟ್ಟಂತಾಗುತ್ತಿತ್ತು. ಹಲ್ಲು ಬರುತ್ತಿದೆ ಎಂದರು. ಹೊಸ ಮೈಗೆ ಹಳೇ ಜೀವ ಹೊಂದಿಕೊಳ್ಳುತ್ತಿದೆ ಎಂದಳು ತಬಿತೆ.

ಎರಡನೆಯ ವರ್ಷ ಹಾಲು ಬಿಡಿಸಿ ಓಟ್ಸ್ ಗಂಜಿ, ಬಿಸ್ಕತ್ತು, ಸಿಹಿ ಚಹಾ ಶುರುವಾದ ಮೇಲೆ ಮಗು ಇಳಿಯತೊಡಗಿತು. ತೊಡೆಯ ಚರ್ಮ ಸಡಿಲವಾಗಿ ಮಡಿಕೆ ಬಿತ್ತು. ಹೊಟ್ಟೆ ಮಾತ್ರ ತಮಟೆ. ಕಡಲು ಹೆಪ್ಪುಗಟ್ಟುವ ಮುಂಚೆ ನಾವು ಮೂವರೂ ಮಗುವನ್ನು ಕಟ್ಟಿಕೊಂಡು ದೋಣಿಯಲ್ಲಿ ಪಟ್ಟಣಕ್ಕೆ ಹೋದೆವು.

ಆ ಡಾಕ್ಟರ್ ಚಿಕ್ಕ ವಯಸ್ಸಿನವನು. ಕೈ ಬೆಚ್ಚಗಿತ್ತು, ಅದನ್ನು ಒಪ್ಪುತ್ತೇನೆ. ಮಗುವಿನ ಬಾಯಿಗೆ ಏನೂ ಕೊಡದೆ ಕೈಗೆ ಸೂಜಿ ಚುಚ್ಚಿ ನೀರು ಹನಿಸಿದ. ಭೇದಿ ನಿಂತಿತು. ಮಗು ಕಣ್ಣು ತೆರೆದು ನಮ್ಮನ್ನು ನೋಡಿತು. ಅವನು ಕಾಲು ಹಿಡಿ ಎಂದಿದ್ದರೆ ಆ ಹೊತ್ತು ನಾನು ಹಿಡಿಯುತ್ತಿದ್ದೆ. ಆಮೇಲೆ ನಮ್ಮನ್ನು ಕೂರಿಸಿ ಮಾತಾಡಿದ. ಅವನ ಮಾತನ್ನು ಆಸ್ಪತ್ರೆಯ ಆಯಾ ನಮ್ಮ ಭಾಷೆಗೆ ತಿರುಗಿಸಿದಳು.

"ನಿಮ್ಮ ಮನೇಲಿ ಏನು ಊಟ ಅಂತ ಕೇಳ್ತಾರೆ."

"ಸೀಲ್. ಮೀನು. ಹಕ್ಕಿ," ಎಂದಳು ಸೆವೆರಿನೆ.

"ಅದಕ್ಕೇ ಅಂತೆ. ಸಕ್ಕರೆ ತಿಂದ್ರೆ ಕರುಳು ಅದನ್ನ ಕತ್ತರಿಸೋ ರಸ ಮಾಡುತ್ತಂತೆ. ತಿಂದಷ್ಟೂ ಜಾಸ್ತಿ ಮಾಡುತ್ತಂತೆ. ತಿನ್ನದಿದ್ರೆ ಮರ್ತುಬಿಡುತ್ತಂತೆ. ನೀವು ಬರೀ ಮಾಂಸ, ಕೊಬ್ಬು ತಿನ್ನೋರು. ಮಗುವಿನ ಕರುಳಿಗೆ ರೂಢಿ ಇಲ್ಲ. ಮೊದ್ಲು ಒಂದು ಚಮಚ, ಆಮೇಲೆ ಎರಡು, ಹಂಗೇ ಏರಿಸ್ತಾ ಅಭ್ಯಾಸ ಮಾಡಿಸಿ ಅಂತಾರೆ. ಕೊಬ್ಬು ಕಡಿಮೆ ಮಾಡಿ ಅಂತಾರೆ."

ನಾನು ಕೇಳಿದೆ, "ಮರಿನಾಯೀನ ಜಾರುಬಂಡಿ ಎಳೆಯೋಕೆ ಪಳಗಿಸ್ದಂಗಾ?"

ಆಯಾ ತಿರುಗಿಸಿದಳು. ಅವನು ನಕ್ಕು ತಲೆಯಾಡಿಸಿದ. ಹೌದು, ಹಾಗೇ.

ಅತ್ತೆ ಆಗ ಬಾಯಿ ತೆರೆದರು. ಏನೋ ಹೇಳಲು ಹೊರಟವರು ಆಯಾಳ ಮುಖ ನೋಡಿದರು, ಡಾಕ್ಟರ ಬಿಳಿ ಅಂಗಿ ನೋಡಿದರು, ಬಾಯಿ ಮುಚ್ಚಿಕೊಂಡರು. ನಾನು ಅದನ್ನು ನೋಡಿದೆ. ಮುದುಕಿಗೆ ಸಂಕೋಚ ಎಂದುಕೊಂಡೆ.

ಆ ಚಳಿಗಾಲ ನಮ್ಮ ಮನೆಯಲ್ಲಿ ಪಳಗಿಸುವ ಕೆಲಸ ನಡೆಯಿತು. ಮರಿನಾಯಿಗೆ ಮೊದಲು ಎದೆಗೆ ಬರಿ ಪಟ್ಟಿ ಕಟ್ಟುತ್ತೇವೆ, ಆಮೇಲೆ ಹಗುರ ಬಂಡಿ, ಆಮೇಲೆ ಭಾರ. ಮೊದಮೊದಲು ಅದು ಬಿದ್ದು ಹೊರಳಾಡುತ್ತದೆ. ಆಗ ಬಿಟ್ಟರೆ ಅದು ಯಾವತ್ತಿಗೂ ನಾಯಿಯಾಗುವುದಿಲ್ಲ. ಮಗುವಿನ ಗಂಜಿಗೂ ಹಾಗೇ ಒಂದು ಚಮಚ, ಎರಡು ಚಮಚ. ಹೊಟ್ಟೆ ನೋವಿಗೆ ಅದು ಮೊಣಕಾಲು ಎದೆಗೆ ಮಡಚಿ ಒರಲುತ್ತಿತ್ತು. "ತಡ್ಕೋ ಮಾವ, ಕಲೀತಿದೀರಿ," ಎನ್ನುತ್ತಿದ್ದೆ. ಅತ್ತೆ ಹೊಟ್ಟೆಗೆ ಬಿಸಿ ಬಟ್ಟೆ ಹಿಡಿಯುತ್ತಿದ್ದರು. ಸಕ್ಕರೆ ಹಾಕುವಾಗ ಅವರ ಕೈ ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ.

ತಿಂಗಳುಗಟ್ಟಲೆ ಸೂರ್ಯನಿಲ್ಲದ ಚಳಿಗಾಲ ಕಳೆದು ಬೆಳಕು ಮರಳಿದ ಮೇಲೆ ನಾನು ಸಂಸಾರವನ್ನೆಲ್ಲ ಜಾರುಬಂಡಿಯಲ್ಲಿ ಹಾಕಿಕೊಂಡು ಬೇಟೆಯ ಬೀಡಿಗೆ ಹೋದೆ. ದಾರಿಯಲ್ಲಿ ಹಿಮಗಡ್ಡೆ ಬಿರಿದು ಬಂಡಿಯ ಹಿಂಭಾಗ ನೀರಿನಲ್ಲಿ ಮುಳುಗಿತು. ಸಕ್ಕರೆ, ಓಟ್ಸ್, ಬಿಸ್ಕತ್ತು ಎಲ್ಲ ಕಡಲ ಪಾಲು. ನಾನು ಬೈದ ಬೈಗುಳಕ್ಕೆ ನಾಯಿಗಳೂ ತಲೆ ತಗ್ಗಿಸಿದವು. ಬೀಡಿನಲ್ಲಿ ಇದ್ದದ್ದು ಸೀಲ್ ಮಾಂಸದ ಸಾರು, ಪಿತ್ತಜನಕಾಂಗ, ಮೀನು, ಕೊಬ್ಬು. ಮಗು ತಿಂದಿತು. ಕೆಲವೇ ದಿನಗಳಲ್ಲಿ ಹೊಟ್ಟೆ ಇಳಿಯಿತು. ಆಮೇಲೆ ಕೆನ್ನೆ ತುಂಬಿತು. ನನ್ನ ಚಾಟಿಯ ಹಿಡಿ ಹಿಡಿದುಕೊಂಡು ಡೇರೆಯೊಳಗೆ ನಡೆದಾಡಿತು, ಅಜ್ಜಿಯ ಬೆನ್ನಿಗೆ ಹೊಡೆಯಿತು.

"ನೋಡೇ, ಮುದುಕ ಈಗ ಹೊಡಿಯೋದೂ ಕಲ್ತ. ಹಿಂದೆ ಈ ಧೈರ್ಯ ಇರ್ಲಿಲ್ಲ," ಎಂದು ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದು ಅದೇ ಕೊನೆ.

ಇನ್ನು ನೀವು ಕೇಳುತ್ತೀರಿ, ಸಕ್ಕರೆ ನಿಂತಿತು, ಮಗು ಎದ್ದಿತು, ಅಷ್ಟೂ ಕಾಣಲಿಲ್ಲವೇ ಎಂದು. ಪಳಗಿದ್ದೇ ಕಂಡಿತು. ಅಭ್ಯಾಸ ಕೈಗೂಡಿತು ಎಂದೇ ತಿಳಿದೆವು. ಚಳಿಗಾಲವಿಡೀ ನರಳಿದ ಮರಿ ವಸಂತದಲ್ಲಿ ತಂಡದ ಮುಂದೆ ಓಡುವುದನ್ನು ನಾವು ಎಷ್ಟು ಸಲ ನೋಡಿಲ್ಲ.

ಊರಿಗೆ ಮರಳಿದಾಗ ವರ್ಷದ ಮೊದಲ ಹಡಗು ಬಂದಿತ್ತು. ಮಗು ಗುಣವಾಗಿ ಬಂದಿದೆಯೆಂದು ಅತ್ತೆ ಊರಿಗೆಲ್ಲ ಕಾಫಿ ಇಟ್ಟರು. ದ್ರಾಕ್ಷಿ ಬ್ರೆಡ್ಡು, ಸಕ್ಕರೆ ಉದುರಿಸಿದ ಕೇಕು. ಮಗುವಿಗೆ ಆಗ ಮಾತು ಬರುತ್ತಿತ್ತು. ಹಲಗೆಯ ಮೇಲಿನ ಡಬ್ಬಿ ತೋರಿಸಿ, "ಸಕ್ಕೆ" ಎಂದಿತು. ಸತ್ತವನು ತನ್ನ ಬಾಕಿಯನ್ನು ತಾನೇ ಬಾಯಿಬಿಟ್ಟು ಕೇಳಿದ. ಇಲ್ಲ ಎನ್ನುವವರು ಯಾರು? ಅತ್ತೆ ಡಬ್ಬಿಯನ್ನೇ ಅದರ ಮಡಿಲಿಗೆ ಇಟ್ಟರು.

ಆ ಸಂಜೆಯಿಂದಲೇ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಮೈಯಲ್ಲಿದ್ದ ನೀರೆಲ್ಲ ಹರಿದುಹೋಯಿತು. ತುಟಿ ಒಡೆಯಿತು, ಕಣ್ಣು ಗುಳಿಬಿತ್ತು. ಹೊರಗೆ ಬಿರುಗಾಳಿ, ದೋಣಿ ಇಳಿಸುವಂತಿರಲಿಲ್ಲ. ಅಂಗಡಿಯ ರೇಡಿಯೋದಲ್ಲಿ ಪಟ್ಟಣವನ್ನು ಹಿಡಿದೆವು. ಅದೇ ಡಾಕ್ಟರ್. ಉಪದೇಶಿ ನನ್ನ ಪಕ್ಕದಲ್ಲಿ ನಿಂತು ತಿರುಗಿಸಿದರು. "ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಸ್ವಲ್ಪ ಸ್ವಲ್ಪ ಕುಡಿಸ್ತಾ ಇರಬೇಕಂತೆ. ಬಿಡಬಾರದಂತೆ."

ಬಿಡಲಿಲ್ಲ. ಚಮಚದಲ್ಲಿ ಕುಡಿಸಿದೆವು. ಬಾಯಾರಿದ ಮಗು ಕೇಳಿ ಕೇಳಿ ಕುಡಿಯಿತು. ಕುಡಿದದ್ದಕ್ಕಿಂತ ಹೆಚ್ಚು ಹೋಯಿತು. ಗಾಳಿ ನಿಲ್ಲುವ ಮುಂಚೆ ಮಗುವಿನ ಉಸಿರು ನಿಂತಿತು. ಹೂಳಲು ಸಿಕ್ಕಿದ ಪೆಟ್ಟಿಗೆ ಅಷ್ಟು ಚಿಕ್ಕದಾಗಿರಲಿಲ್ಲ, ಅದರೊಳಗೆ ಜಾಗ ಉಳಿಯಿತು. ಅತ್ತೆ ಹೊಲಿಯುತ್ತಿದ್ದ ಒಂದು ಜೊತೆ ಸಣ್ಣ ಬೂಟುಗಳನ್ನು ಆ ಜಾಗದಲ್ಲಿಟ್ಟರು. ಒಂದು ಬೂಟಿನ ಹೊಲಿಗೆ ಮುಗಿದಿರಲಿಲ್ಲ.

ಆಮೇಲೆ ದಿನವಿಡೀ ಅತ್ತೆ ತೊಗಲು ಅಗಿಯುತ್ತ ಕೂತಿರುತ್ತಿದ್ದರು.

ಮುಂದಿನ ಬೇಸಿಗೆ ಹಡಗಿನಲ್ಲಿ ಇನ್ನೊಬ್ಬ ಡಾಕ್ಟರು ಬಂದರು, ಹೆಂಗಸು, ನರೆತ ಕೂದಲು. ಊರೂರಿಗೆ ಹೋಗಿ ಜನರ ಹೊಟ್ಟೆಗೆ ಸಕ್ಕರೆ ಒಗ್ಗುತ್ತದೋ ಇಲ್ಲವೋ ನೋಡುವುದೇ ಅವರ ಕೆಲಸವಂತೆ. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರಬೇಕು. ಬೆರಳು ಚುಚ್ಚಿ ಒಂದು ಹನಿ ರಕ್ತ. ಒಂದು ಲೋಟ ಸಕ್ಕರೆ ನೀರು ಕುಡಿಯಬೇಕು. ಸ್ವಲ್ಪ ಹೊತ್ತಿಗೊಮ್ಮೆ ಮತ್ತೆ ಒಂದೊಂದು ಹನಿ. ನಾನು ಹೋಗುವುದಿಲ್ಲ ಎಂದೆ. ಡಾಕ್ಟರ ಜಾತಿಯ ಮುಖವನ್ನೇ ನೋಡುವುದಿಲ್ಲ ಎಂದೆ.

ಅತ್ತೆ ಎದ್ದು ಬೂಟು ಹಾಕಿಕೊಂಡರು. "ನಾನು ಹೋಗ್ತೀನಿ."

"ನಿಮಗೆ ಸಕ್ಕರೆ ಸೇರಲ್ಲವಲ್ಲ ಅತ್ತೆ?"

"ಅದಕ್ಕೇ ಹೋಗೋದು. ನೀನೂ ಬಾ."

ಲೋಟ ದೊಡ್ಡದಿತ್ತು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು, ಎಲ್ಲೂ ನಿಲ್ಲಿಸದೆ, ತಳದಲ್ಲಿ ಉಳಿದದ್ದನ್ನೂ ಅಲ್ಲಾಡಿಸಿ ಕುಡಿದರು. ಆಮೇಲೆ ಮಕ್ಕಳು ಕೂರುವ ಬೆಂಚಿನ ಮೇಲೆ ಕೂತರು. ಮೊದಲು ಹೊಟ್ಟೆಯಿಂದ ಸದ್ದು ಬಂತು. ಕೋಣೆಯ ಈ ಮೂಲೆಗೆ ಕೇಳಿಸುವಷ್ಟು. ಮೊಣಕಾಲು ಎದೆಗೆ ಮಡಚಿಕೊಂಡರು. ಅದೇ ಮಡಚು. ನಾನು ಸೆವೆರಿನೆಯ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಹೆಂಗಸರು ಅವರನ್ನು ಹಿಡಿದುಕೊಂಡು ಹೊರಗೆ ಓಡಿದರು. ದಾರಿಯಲ್ಲೇ ಬಟ್ಟೆ ಹಾಳಾಯಿತು. ಹುಳಿ ವಾಸನೆ. ಆ ವಾಸನೆ ನನ್ನ ಮೂಗು ಮರೆಯುವುದಿಲ್ಲ.

ಆ ಡಾಕ್ಟರಮ್ಮ ಅತ್ತೆಯನ್ನು ಮಲಗಿಸಿ, ಪಕ್ಕದಲ್ಲಿ ಕೂತು, ಉಪದೇಶಿಯ ಬಾಯಿಂದ ಹೇಳಿಸಿದರು. "ಸಕ್ಕರೆ ಅಂದ್ರೆ ಎರಡು ಕಣ ಕೈ ಕೈ ಹಿಡ್ಕೊಂಡಿರೋದಂತೆ. ಆ ಕೈ ಬಿಡಿಸಿದ್ರೇನೇ ಮೈಗೆ ಹತ್ತೋದು. ಬಿಡಿಸೋಕೆ ಕರುಳಿನ ಒಳಗೋಡೇಲಿ ಕಿಣ್ವ ಅಂತ ಇರುತ್ತಂತೆ. ಬಿಬಿಯಾನೆಗೆ ಆ ಕಿಣ್ವ ಹುಟ್ಟಿನಿಂದಲೇ ಇಲ್ಲ. ಎಷ್ಟು ಕುಡಿದ್ರೂ ರಕ್ತಕ್ಕೆ ಏರಲಿಲ್ಲವಂತೆ. ಏರದೆ ಉಳಿದಿದ್ದು ಕೆಳಗಿಳಿದು ಹುಳಿಯುತ್ತೆ, ಮೈ ನೀರನ್ನ ಜೊತೆಗೆ ಎಳ್ಕೊಂಡು ಹೋಗುತ್ತೆ. ಗಂಜಿ, ಬ್ರೆಡ್ಡಿನ ಹಿಟ್ಟೂ ಇವರಿಗೆ ಅರ್ಧಂಬರ್ಧವೇ ಅರಗೋದಂತೆ. ನಮ್ಮ ಜನರಲ್ಲಿ ಇಂಥ ಹೊಟ್ಟೆಯೋರು ಇದಾರಂತೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದ್ರೆ ಮಗುವಿಗೆ ಬರುತ್ತಂತೆ."

"ಇಬ್ಬರ ಕಡೆಯಿಂದಲಾ?" ಎಂದೆ.

"ಹೌದು, ನಿನ್ನ ಕಡೆಯಿಂದಲೂ."

ನನಗೆ ಕುದಿಯಿತು. "ಹಾಗಾದ್ರೆ ಅಭ್ಯಾಸ ಅಂದಿದ್ದು ಸುಳ್ಳಾ? ಕೇಳಿ ಅವರನ್ನ. ತಿಂದಷ್ಟೂ ಕರುಳು ಜಾಸ್ತಿ ಮಾಡುತ್ತೆ ಅಂದ್ನಲ್ಲ, ಅದು ಸುಳ್ಳಾ?"

ಡಾಕ್ಟರಮ್ಮ ಅವರಿಗೆ ಏನೋ ವಿವರಿಸಿದರು. ಉಪದೇಶಿ ಮೆಲ್ಲಗೆ ಹೇಳಿದರು. "ಸುಳ್ಳಲ್ಲವಂತೆ. ಡಾಕ್ಟರಮ್ಮ ಒಂದು ವಾರ ಸಕ್ಕರೆ ತಿಂದ್ರೆ ಅವರ ಕರುಳಲ್ಲಿ ಆ ಕಿಣ್ವ ಹೆಚ್ಚುತ್ತೆ, ಬಿಟ್ರೆ ಇಳಿಯುತ್ತೆ. ನನಗೂ ಹಂಗೇ. ಆದರೆ ಹೆಚ್ಚೋಕೆ ಮೊದ್ಲು ಇರ್ಬೇಕಲ್ಲ. ಮಗುವಿಗೆ ಅದು ಇರ್ಲೇ ಇಲ್ಲ."

ನಾಯಿಯೇ ಇಲ್ಲದ ಪಟ್ಟಿಗೆ ನಾವು ಚಳಿಗಾಲವಿಡೀ ಚಾಟಿ ಬೀಸಿದ್ದೆವು. ಬೀಸಿ ಎಂದವನು ಬೆಚ್ಚಗೆ ಡೆನ್ಮಾರ್ಕಿನಲ್ಲಿದ್ದ.

ಡಾಕ್ಟರಮ್ಮ ತಮ್ಮ ಚೀಲದಿಂದ ಒಂದು ಡಬ್ಬಿ ತೆಗೆದರು, ಬಿಳಿ ಪುಡಿ. ಗ್ಲುಕೋಸ್ ಎಂದರು. ಇದು ಒಂಟಿ ಕಣ, ಕೈ ಬಿಡಿಸುವ ಕೆಲಸವೇ ಇಲ್ಲ, ಇಂಥ ಹೊಟ್ಟೆಗೂ ಒಗ್ಗುತ್ತದೆ ಎಂದರು. ಹೊಟ್ಟೆ ಶಾಂತವಾದ ಮೇಲೆ ಅತ್ತೆ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡರು. ಅರುವತ್ತರ ಮುದುಕಿ, ಹೊಟ್ಟೆ ಬೇಡ ಎನ್ನದ ಮೊದಲ ಸಿಹಿ. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು.

"ಇದು ಆಗ್ಲೂ ಇತ್ತಾ?"

"ಇತ್ತಂತೆ," ಎಂದರು ಉಪದೇಶಿ. "ಎಲ್ಲಾ ಆಸ್ಪತ್ರೇಲೂ ಇರುತ್ತಂತೆ."

ಅತ್ತೆ ಡಬ್ಬಿಯನ್ನು ಮುಚ್ಚಳ ಹಾಕಿ ವಾಪಸು ಕೊಟ್ಟರು.

ಮನೆಗೆ ಬಂದ ಮೇಲೆ ಹೇಳಿದರು, ಮೊದಲ ಬಾರಿಗೆ. ಹುಡುಗಿಯಾಗಿದ್ದಾಗ ಅವರು ಪಟ್ಟಣದಲ್ಲಿ ಡೆನ್ಮಾರ್ಕಿನ ಸಾಹೇಬರೊಬ್ಬರ ಮನೆಯ ಅಡುಗೆಕೆಲಸಕ್ಕಿದ್ದರು. ಅಲ್ಲಿ ದಿನಾ ಸಿಹಿ ಗಂಜಿ. ದಿನಾ ಹೊಟ್ಟೆ ಕೆಡುತ್ತಿತ್ತು. ಒಂದು ದಿನ ಅತಿಥಿಗಳ ಎದುರಿಗೇ ಬಟ್ಟೆ ಹಾಳಾಯಿತು. ಕದ್ದು ತಿಂದಿರುತ್ತಾಳೆ ಎಂದು ಹೊಡೆದು ಓಡಿಸಿದರು. ಪಟ್ಟಣದ ಹುಡುಗರು ಹಿಂದೆ ಬಿದ್ದು ಗಬ್ಬುಹೊಟ್ಟೆ ಎಂದು ಕೂಗಿದರು.

"ನಿನ್ನ ಮಾವನಿಗೆ ಮಾತ್ರ ಹೇಳಿದ್ದೆ. ಮದುವೆಗೆ ಮುಂಚೆ. ಅವನು ಅಂದ, ಒಳ್ಳೇದಾಯ್ತು, ನಿನ್ನ ಪಾಲೂ ನಂಗೇ."

"ಆಸ್ಪತ್ರೇಲಿ ಏನೋ ಹೇಳೋಕೆ ಹೋದ್ರಿ," ಎಂದೆ.

"ಹೋದೆ. ನಂಗೂ ಹಿಂಗೇ ಆಗ್ತಿತ್ತು ಅನ್ನೋಣ ಅಂತ. ಆಮೇಲೆ ಅನ್ಸ್ತು, ಇದು ನನ್ನ ಮೊಮ್ಮಗ ಅಲ್ವಲ್ಲ, ಈನೋಕ್ ಅಲ್ವಾ. ಈನೋಕ್ ಕಲ್ಲು ತಿಂದು ಅರಗಿಸ್ಕೊಂಡೋನು. ಅವನ ಹೊಟ್ಟೆಗೂ ನನ್ನ ಹೊಟ್ಟೆಗೂ ಏನು ಸಂಬಂಧ?"

ಇಷ್ಟೇ ನಡೆದದ್ದು. ಆ ಮಗುವಿನ ನಗುವಿನಲ್ಲಿ, ಚೀಪುವುದರಲ್ಲಿ, ಹಟದಲ್ಲಿ ನಾವೆಲ್ಲ ಈನೋಕನನ್ನು ಹುಡುಕಿದೆವು. ಅದರೊಳಗೆ ಬಿಬಿಯಾನೆ ಇರಬಹುದೆಂದು ಯಾರೂ ನೋಡಲಿಲ್ಲ, ಬಿಬಿಯಾನೆಯೂ.

ಅದರ ಮರುವರ್ಷ ಸೆವೆರಿನೆ ಹೆಣ್ಣು ಹೆತ್ತಳು. ನಮ್ಮಲ್ಲಿ ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ತಬಿತೆ ಬಂದು ಬಾಗಿಲಲ್ಲಿ ನಿಂತಳು. "ಅಣ್ಣ ಎರಡು ಸಲ ಸತ್ತ. ಚಳೀಲಿ ಹೊರಗೆ ನಿಂತಿದಾನೆ. ಒಳಗೆ ಕರಿ ಅತ್ತಿಗೆ."

"ಬೇಡ."

"ಗಂಡನ್ನ ಹೊರಗೆ ನಿಲ್ಲಿಸ್ತೀಯಾ? ನೀನೊಂದು ಹೆಂಗ್ಸಾ?"

"ಒಳಗೆ ಬಂದ್ರೆ ಸಕ್ಕರೆ ಕೇಳ್ತಾನೆ. ಕೇಳಿದ್ರೆ ನೀನು ಕೊಡ್ತೀಯ, ಊರೆಲ್ಲ ಕೊಡುತ್ತೆ. ನಾನೂ ಕೊಡ್ತೀನಿ ತಬಿತೆ. ನನ್ನ ಕೈ ನಂಗೆ ಗೊತ್ತು."

ಮಗುವಿಗೆ ನನ್ನ ಅಜ್ಜಿಯ ಹೆಸರಿಟ್ಟೆವು. ತಬಿತೆ ಅತ್ತೆಯೊಡನೆ ಮಾತು ಬಿಟ್ಟಳು. ಊರಿನಲ್ಲಿ ಬೇರೆ ಯಾರೂ ಈನೋಕನ ಹೆಸರನ್ನು ತಮ್ಮ ಮಗುವಿಗೆ ಇಡುವ ಧೈರ್ಯ ಮಾಡಲಿಲ್ಲ. ಗಾಳಿ ಬಾಗಿಲು ಬಡಿದಾಗಲೆಲ್ಲ ಅತ್ತೆ ಹೊಲಿಗೆ ನಿಲ್ಲಿಸಿ ಆ ಕಡೆ ನೋಡುತ್ತಿದ್ದರು. ಎದ್ದು ತೆಗೆಯುತ್ತಿರಲಿಲ್ಲ. ಕಾಫಿ ಕುಡಿಯುವಾಗ ಅವರ ಬೆರಳು ಅಭ್ಯಾಸದಿಂದ ತಮ್ಮ ಪಾಲಿನ ತುಂಡನ್ನು ಪಕ್ಕಕ್ಕೆ ಸರಿಸುತ್ತಿತ್ತು. ಪಕ್ಕದಲ್ಲಿ ಬಟ್ಟಲು ಇರುತ್ತಿರಲಿಲ್ಲ. ಮತ್ತೆ ಎತ್ತಿ ಡಬ್ಬಿಗೆ ಹಾಕುತ್ತಿದ್ದರು.

ಹೀಗೆ ಹತ್ತಾರು ವರ್ಷ ಬದುಕಿದರು. ಕಣ್ಣು ಹೋದ ಮೇಲೂ ಬೆರಳಿನಿಂದ ಹೊಲಿದರು. ಸಾಯುವ ಮುಂಚೆ ನನ್ನನ್ನು ಕರೆದು ಡಬ್ಬಿ ಇಳಿಸಲು ಹೇಳಿದರು. ಕೈಯಲ್ಲಿ ತೂಗಿ ನೋಡಿದರು.

"ಇದು ಅವನದ್ದು. ನಾನು ಕೊಡ್ತೀನಿ ಅಂದಿದ್ದೆ."

"ನಾನು ಕೊಡ್ಲಾ ಅತ್ತೆ? ಸಮಾಧಿ ಮೇಲೆ ಇಡ್ಲಾ?"

"ಸಮಾಧೀಗೆ ಬಾಯಿ ಎಲ್ಲಿದೆ? ಸುಮ್ನೆ ಇಟ್ಟಿರು. ಯಾರ ಬಾಯಿಗೂ ಹಾಕ್ಬೇಡ. ಕೋಪದಲ್ಲಿ ಕಡಲಿಗೂ ಎಸೀಬೇಡ."

ಅತ್ತೆಯ ಹೆಸರು ಅದೇ ವರ್ಷ ತಬಿತೆಯ ಮೊಮ್ಮಗಳಿಗೆ ಹೋಯಿತು. ತಬಿತೆಯೇ ಬಂದು ಕೇಳಿ ತೆಗೆದುಕೊಂಡಳು. ಆ ಹುಡುಗಿಗೆ ಸಕ್ಕರೆ ಒಗ್ಗುತ್ತದೆಂದು ಪಟ್ಟಣದಲ್ಲಿ ಹೇಳಿದ್ದಾರೆ. ಆದರೂ ಊರಿನಲ್ಲಿ ಯಾರೂ ಅವಳಿಗೆ ಕೊಡುವುದಿಲ್ಲ. "ಬಿಬಿಯಾನೆಗೆ ಸೇರಲ್ಲ," ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹುಡುಗಿ ಅಳುತ್ತಾಳೆ.

ಡಬ್ಬಿ ನನ್ನ ಮನೆಯ ಹಲಗೆಯ ಮೇಲಿದೆ. ಒಳಗಿನ ಕಲ್ಲುಸಕ್ಕರೆ ತೇವಕ್ಕೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿದೆ, ಈಗ ಒಂದು ತುಂಡು ಬೇಕೆಂದರೂ ಬಿಡಿಸಲು ಬರುವುದಿಲ್ಲ. ಈನೋಕನ ಹೆಸರು ಹೊತ್ತವರು ಇಂದಿಗೂ ಯಾರೂ ಇಲ್ಲ. ಮಾವ ಇನ್ನೂ ಹೊರಗೇ ಇದ್ದಾರೆ, ಅವರ ಬಾಕಿ ನಾವು ಇನ್ನೂ ಕೊಟ್ಟಿಲ್ಲ.